ತಪ್ಪು ದಾರಿಯಿಂದ ಮರಳುವುದು ಸೋಲಲ್ಲ

ಮನುಷ್ಯನ ನಾಲಿಗೆಗೆ ಎಲ್ಲಕ್ಕಿಂತ ಭಾರವಾದ ಮಾತು ಯಾವುದು? ಸ್ವಲ್ಪ ಯೋಚಿಸಿ ನೋಡಿ. 'ನಾನು ತಪ್ಪಿದೆ' ಎಂಬ ಎರಡೇ ಪದಗಳ ಮಾತು ಅದು. ತಂದೆ ಮಗನೆದುರು ಅದನ್ನು ಆಡಲಾರ. ಅಣ್ಣ ತಮ್ಮನೆದುರು ಆಡಲಾರ. ಗಂಡ ಹೆಂಡತಿಯೆದುರು ಆಡಲಾರ. ಒಬ್ಬ ವ್ಯಕ್ತಿಗೇ ಇದು ಇಷ್ಟು ಕಷ್ಟವಾದರೆ, ಲಕ್ಷಗಟ್ಟಲೆ ಸೈನಿಕರನ್ನು ಪರದೇಶದ ಯುದ್ಧಕ್ಕೆ ಕಳುಹಿಸಿದ ಒಂದು ರಾಷ್ಟ್ರಕ್ಕೆ ಅದೆಷ್ಟು ಕಷ್ಟವಾಗಿರಬೇಡ!

ನಮ್ಮ ಕಣ್ಣೆದುರಿನ ಚರಿತ್ರೆಯಲ್ಲೇ, ಒಂದೇ ನೆಲದಲ್ಲಿ, ಎರಡು ಮಹಾಶಕ್ತಿಗಳು ಈ ಪರೀಕ್ಷೆಗೆ ಒಳಗಾದವು. ಆ ನೆಲ ಅಫ್ಘಾನಿಸ್ತಾನ. ಅದರೊಳಗೆ ಹೋಗಲು ಅವರಿಗೆ ಕೆಲವೇ ದಿನಗಳು ಸಾಕಾದವು. ಹೊರಬರಲು ಸೋವಿಯತ್ ಒಕ್ಕೂಟಕ್ಕೆ 9 ವರ್ಷಗಳೂ ಅಮೆರಿಕಕ್ಕೆ 20 ವರ್ಷಗಳೂ ಬೇಕಾದವು. ಹೊರಬರಬೇಕೇ, ಬೇಡವೇ? ಬರುವುದಾದರೆ ಹೇಗೆ? ಈ ಚರ್ಚೆ ಮಾಸ್ಕೋದಲ್ಲೂ ವಾಷಿಂಗ್ಟನ್‌ನಲ್ಲೂ ವರ್ಷಗಟ್ಟಲೆ ನಡೆಯಿತು. ಚರ್ಚೆ ಮುಗಿಯುವವರೆಗೆ ಗೋರಿಗಳ ಸಂಖ್ಯೆ ಏರುತ್ತಲೇ ಇತ್ತು.

ವಾಚಕರೇ, ದೊಡ್ಡವರ ರಾಜಕೀಯವನ್ನು ಅಳೆದು ತೂಗುವುದು ಇಲ್ಲಿನ ಉದ್ದೇಶವಲ್ಲ. ಯಾವುದೋ ದೇಶದ ಸೋಲನ್ನು ಕಂಡು ಸಂತೋಷಪಡುವುದಂತೂ ಖಂಡಿತ ಅಲ್ಲ. ಇತರರ ಸ್ಥಿತಿಯಿಂದ ಪಾಠ ಕಲಿಯಬೇಕೆಂದು, ಭೂಮಿಯಲ್ಲಿ ಸಂಚರಿಸಿ ಗತಿಸಿಹೋದವರ ಪರಿಣಾಮವನ್ನು ನೋಡಬೇಕೆಂದು ಪವಿತ್ರ ಕುರ್‌ಆನ್ ನಮಗೆ ಮತ್ತೆ ಮತ್ತೆ ಕಲಿಸುತ್ತದೆ. ಆ ದೃಷ್ಟಿಯಿಂದಲೇ ಈ ವಿಷಯವನ್ನು ನೋಡೋಣ.

ಮುಚ್ಚಿದ ಬಾಗಿಲಿನ ಹಿಂದೆ

1979ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಹೆರಾತ್ ನಗರದಲ್ಲಿ ಕಮ್ಯುನಿಸ್ಟ್ ಸರಕಾರದ ವಿರುದ್ಧ ದಂಗೆ ಎದ್ದಿತು. ಅಂದಿನ ಆಡಳಿತಗಾರ ನೂರ್ ಮುಹಮ್ಮದ್ ತರಕಿ ಸೋವಿಯತ್ ಸೈನ್ಯವನ್ನು ಕಳುಹಿಸಬೇಕೆಂದು ಬೇಡಿಕೊಂಡರು. ಮಾಸ್ಕೋದ ನಾಯಕರು ಕುಳಿತು ಚರ್ಚಿಸಿದರು, ಬೇಡವೆಂದು ತೀರ್ಮಾನಿಸಿದರು. ಸೈನ್ಯ ಬಂದರೆ ನಿಮ್ಮ ಸ್ಥಿತಿ ಸುಧಾರಿಸುವುದಿಲ್ಲ, ಇನ್ನಷ್ಟು ಕೆಡುತ್ತದೆ ಎಂದು ಪ್ರಧಾನಿ ಕೊಸಿಗಿನ್ ತರಕಿಗೆ ತಿಳಿಹೇಳಿದರು. ಅದು ವಿವೇಕದ ಮಾತಾಗಿತ್ತು.

ಆದರೆ ಒಂಬತ್ತೇ ತಿಂಗಳಲ್ಲಿ ಆ ವಿವೇಕ ಮರೆತುಹೋಯಿತು. ಡಿಸೆಂಬರ್‌ನಲ್ಲಿ ರೋಗಿಯಾಗಿದ್ದ ಬ್ರೆಝ್ನೆವ್ ಮತ್ತು ಅವರ ಸುತ್ತಲಿನ ಆಂಡ್ರೊಪೊವ್, ಉಸ್ತಿನೊವ್, ಗ್ರೊಮಿಕೊ ಮುಂತಾದ ಬೆರಳೆಣಿಕೆಯ ಮಂದಿ ಸೇರಿ ಸೈನ್ಯ ಕಳುಹಿಸುವ ತೀರ್ಮಾನ ಮಾಡಿದರು. ಸೇನಾ ಮುಖ್ಯಸ್ಥ ಮಾರ್ಷಲ್ ಒಗಾರ್ಕೊವ್ ಆಕ್ಷೇಪಿಸಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಡಿಸೆಂಬರ್ 27ರಂದು ಕಾಬೂಲಿನ ಅರಮನೆಯ ಮೇಲೆ ದಾಳಿ ನಡೆದು, ತರಕಿಯ ನಂತರ ಅಧಿಕಾರಕ್ಕೆ ಬಂದಿದ್ದ ಹಫೀಝುಲ್ಲಾ ಅಮೀನ್ ಕೊಲ್ಲಲ್ಪಟ್ಟರು. ಆ ದಾಳಿಯಲ್ಲಿ ಭಾಗವಹಿಸಿದ ಒಂದು ತುಕಡಿ ಮಧ್ಯ ಏಷ್ಯದ ಗಣರಾಜ್ಯಗಳ ಯುವಕರದ್ದು. ಅದನ್ನು 'ಮುಸ್ಲಿಮ್ ಬೆಟಾಲಿಯನ್' ಎಂದೇ ಕರೆಯಲಾಗುತ್ತಿತ್ತು. ಅಬ್ದುಲ್ಲಾ, ರಹೀಮ್ ಎಂಬ ಹೆಸರಿನವರನ್ನು ಕೊಲ್ಲಲು ಅದೇ ಹೆಸರಿನವರನ್ನು ಕಳುಹಿಸುವುದು ಸಾಮ್ರಾಜ್ಯಗಳ ಹಳೆಯ ಚಾಳಿ.

ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ ವಿಜ್ಞಾನಿ ಸಖರೋವ್ ಅವರನ್ನು 1980ರ ಜನವರಿಯಲ್ಲಿ ಗೋರ್ಕಿ ನಗರಕ್ಕೆ ಗಡೀಪಾರು ಮಾಡಲಾಯಿತು. ಸತ್ತ ಸೈನಿಕರ ಶವಗಳು ಸತುವಿನ ಪೆಟ್ಟಿಗೆಗಳಲ್ಲಿ ಸದ್ದಿಲ್ಲದೆ ಊರಿಗೆ ಬಂದವು. ಮಗ ಎಲ್ಲಿ, ಹೇಗೆ ಸತ್ತನೆಂದು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯವೂ ತಾಯಂದಿರಿಗೆ ಇರಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಮೊದಲ ಪಾಠವಿದೆ. ಸಮಾಲೋಚನೆಯ ಬಾಗಿಲು ಮುಚ್ಚಿದಲ್ಲಿ ಮರಳಿ ಬರುವ ಬಾಗಿಲೂ ಮುಚ್ಚಿಹೋಗುತ್ತದೆ. 'ಬೇಡ' ಎನ್ನುವವನನ್ನು ಹೊರಗೆ ಹಾಕಿದ ಮೇಲೆ 'ಸಾಕು' ಎನ್ನುವವನೂ ಉಳಿಯುವುದಿಲ್ಲ. ಕುರ್‌ಆನ್‌ನ 42ನೇ ಅಧ್ಯಾಯಕ್ಕೆ 'ಅಶ್ಶೂರಾ', ಅಂದರೆ ಸಮಾಲೋಚನೆ ಎಂದೇ ಹೆಸರು. ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುವುದನ್ನು ಅದು ನಮಾಝಿನ ಜೊತೆಯಲ್ಲೇ ಸತ್ಯವಿಶ್ವಾಸಿಗಳ ಗುಣವಾಗಿ ಎಣಿಸಿದೆ. ಉಹುದ್ ಯುದ್ಧದ ಸಂದರ್ಭವನ್ನು ನೆನಪಿಸಿಕೊಳ್ಳಿ. ಮದೀನದ ಹೊರಗೆ ಹೋಗಿ ಹೋರಾಡಬೇಕೆಂದು ಹೆಚ್ಚಿನವರು, ವಿಶೇಷವಾಗಿ ಯುವಕರು ಒತ್ತಾಯಿಸಿದ್ದರು. ಪ್ರವಾದಿವರ್ಯರ(ಸ) ಸ್ವಂತ ಒಲವು ನಗರದೊಳಗೇ ಉಳಿಯುವುದರ ಕಡೆಗಿತ್ತು. ಆ ದಿನ ಮುಸ್ಲಿಮರಿಗೆ ಭಾರೀ ನಷ್ಟವಾಯಿತು. ಆದರೂ ಅದರ ನಂತರ ಅವತೀರ್ಣವಾದ ಆದೇಶವೇನು? ಅವರನ್ನು ಕ್ಷಮಿಸಬೇಕು, ಅವರೊಂದಿಗೆ ಸಮಾಲೋಚಿಸುತ್ತಲೇ ಇರಬೇಕು ಎಂಬುದೇ. ಸಮಾಲೋಚನೆಯಿಂದ ಒಮ್ಮೆ ತಪ್ಪಾಯಿತೆಂದು ಸಮಾಲೋಚನೆಯನ್ನೇ ಬಿಡಬಾರದು. ತಪ್ಪನ್ನು ತಿದ್ದುವ ದಾರಿಯೂ ಅದೇ ಆಗಿದೆ.

ಸತ್ತವರ ಹೆಸರಿನಲ್ಲಿ

1985ರ ಮಾರ್ಚ್‌ನಲ್ಲಿ ಗೋರ್ಬಚೆವ್ ಅಧಿಕಾರಕ್ಕೆ ಬಂದರು. 1986ರ ಫೆಬ್ರವರಿಯಲ್ಲಿ ಪಕ್ಷದ ಮಹಾಧಿವೇಶನದಲ್ಲಿ ಅವರು ಅಫ್ಘಾನಿಸ್ತಾನವನ್ನು ರಕ್ತ ಸೋರುವ ಗಾಯಕ್ಕೆ ಹೋಲಿಸಿದರು. ಅದೇ ವರ್ಷದ ನವೆಂಬರ್ 13ರಂದು ನಡೆದ ಪೊಲಿಟ್‌ಬ್ಯೂರೋ ಸಭೆಯಲ್ಲಿ ಮಾರ್ಷಲ್ ಅಖ್ರೊಮೆಯೆವ್ ಕಹಿಸತ್ಯವನ್ನು ಬಿಚ್ಚಿಟ್ಟರು. ಆ ದೇಶದಲ್ಲಿ ಸೋವಿಯತ್ ಸೈನಿಕನು ಒಮ್ಮೆಯಾದರೂ ವಶಪಡಿಸಿಕೊಳ್ಳದ ತುಂಡು ನೆಲವಿಲ್ಲ, ಆದರೂ ಹೆಚ್ಚಿನ ನೆಲ ಬಂಡುಕೋರರ ಕೈಯಲ್ಲೇ ಇದೆ ಎಂಬುದು ಅವರ ಮಾತಿನ ಸಾರ. ಎರಡು ವರ್ಷಗಳೊಳಗೆ ಹೊರಬರಬೇಕೆಂದು ಆ ಸಭೆ ಗುರಿ ಇಟ್ಟುಕೊಂಡಿತು.

ಆದರೆ ತೀರ್ಮಾನಕ್ಕೂ ಕೊನೆಯ ಸೈನಿಕ ಹೊರಬರುವುದಕ್ಕೂ ನಡುವೆ ಸುಮಾರು 2,000 ಸೋವಿಯತ್ ಸೈನಿಕರು ಸತ್ತರು. ಅಫ್ಘಾನರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಈ ಯುದ್ಧದಿಂದ ಪ್ರಯೋಜನವಿಲ್ಲವೆಂದು ನಾಯಕರಿಗೆ ಮನವರಿಕೆಯಾದ ನಂತರ ಸತ್ತವರು ಇವರು! ಏಕೆ ಹೀಗಾಯಿತು? ಓಡಿಹೋದರೆಂದು ಜಗತ್ತು ಹೇಳೀತೆಂಬ ಭಯ. ತಮ್ಮನ್ನು ನಂಬಿದವರನ್ನು ಬಿಟ್ಟುಹೋದರೆಂಬ ಹೆಸರು ಬಂದೀತೆಂಬ ಅಳುಕು. ಇದೆಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ಮಂದಿಯ ರಕ್ತ ಹರಿದ ಮೇಲೆ ಬರಿಗೈಯಲ್ಲಿ ಮರಳುವುದು ಹೇಗೆ ಎಂಬ ಪ್ರಶ್ನೆ.

ಇದೇ ಪ್ರಶ್ನೆ ವಾಷಿಂಗ್ಟನ್‌ನಲ್ಲೂ ಕೇಳಿಬಂತು. 2001ರ ಅಕ್ಟೋಬರ್ 7ರಂದು ಆರಂಭವಾದ ಯುದ್ಧಕ್ಕೆ ಎಂಟು ವರ್ಷ ತುಂಬಿದಾಗ, 2009ರ ಶರತ್ಕಾಲದಲ್ಲಿ ಅಧ್ಯಕ್ಷ ಒಬಾಮ ತಿಂಗಳುಗಟ್ಟಲೆ ಸಮಾಲೋಚನೆ ನಡೆಸಿದರು. ಸೈನ್ಯವನ್ನು ಬಹಳವಾಗಿ ಹೆಚ್ಚಿಸುವುದನ್ನು ಉಪಾಧ್ಯಕ್ಷ ಬೈಡನ್ ವಿರೋಧಿಸಿದರು. ಕೊನೆಗೆ 30,000 ಸೈನಿಕರನ್ನು ಹೆಚ್ಚುವರಿಯಾಗಿ ಕಳುಹಿಸುವುದೆಂದೂ 2011ರ ಜುಲೈಯಿಂದ ಹಿಂದೆ ಕರೆಯಲು ಆರಂಭಿಸುವುದೆಂದೂ ಘೋಷಣೆಯಾಯಿತು. ಅಲ್ಲಿಂದ ಮುಂದೆ ಇನ್ನೂ ಹತ್ತು ವರ್ಷ ಯುದ್ಧ ಮುಂದುವರಿಯಿತು. 2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸರಕಾರಿ ದಾಖಲೆಗಳನ್ನು ಹೊರಗೆ ತಂದಾಗ ಜನರಿಗೆ ಇನ್ನೊಂದು ವಿಷಯ ತಿಳಿಯಿತು. ಪ್ರಗತಿಯಾಗುತ್ತಿದೆ ಎಂದು ವರ್ಷವರ್ಷವೂ ಬಹಿರಂಗವಾಗಿ ಹೇಳುತ್ತಿದ್ದ ಅಧಿಕಾರಿಗಳಲ್ಲಿ ಅನೇಕರಿಗೆ ಒಳಗೊಳಗೆ ಆ ನಂಬಿಕೆ ಇರಲೇ ಇಲ್ಲ.

ಸಲಹೆ ಕೇಳಲ್ಪಟ್ಟವನು ಅಮಾನತ್ತಿನ ಹೊಣೆಗಾರ ಎಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ಸಭೆಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡು ಸಲಹೆ ಕೊಟ್ಟವನು ಆ ಅಮಾನತ್ತನ್ನು ಕಬಳಿಸಿದಂತೆ. ಅವನ ಒಂದು ಸುಳ್ಳು ವರದಿಯ ಮೇಲೆ ಎಷ್ಟು ಮನೆಗಳ ದೀಪ ಆರಿತೋ ಅದರ ಲೆಕ್ಕ ನಾಳೆ ಪರಲೋಕದಲ್ಲಿ ಅವನ ಕೈಯಲ್ಲಿರುತ್ತದೆ.

ಇನ್ನು ಸತ್ತವರ ರಕ್ತದ ಪ್ರಶ್ನೆ. ಇದು ಕೇಳಲು ಬಹಳ ಭಾವಪೂರ್ಣವಾಗಿದೆ. ಆದರೆ ನಿಧಾನವಾಗಿ ಯೋಚಿಸಿ. ನಿನ್ನೆ ಸತ್ತವನಿಗೆ ಇಂದು ಸಾಯುವವನಿಂದ ಏನು ಲಾಭ? ಒಬ್ಬ ತಾಯಿಯ ಕಣ್ಣೀರನ್ನು ಇನ್ನೊಬ್ಬ ತಾಯಿಯ ಕಣ್ಣೀರಿನಿಂದ ಒರೆಸಲು ಸಾಧ್ಯವೇ? ಸತ್ತವರ ಲೆಕ್ಕ ಅಲ್ಲಾಹನ ಬಳಿಯಿದೆ. ಅವನು ಯಾರ ಶ್ರಮವನ್ನೂ ಯಾರ ಉದ್ದೇಶವನ್ನೂ ಮರೆಯುವವನಲ್ಲ. ನಮ್ಮ ಮೇಲಿರುವ ಹೊಣೆ ಬದುಕಿರುವವರದ್ದು. ಅನ್ಯಾಯವಾಗಿ ಒಂದು ಜೀವವನ್ನು ತೆಗೆದವನು ಇಡೀ ಮಾನವಕುಲವನ್ನೇ ಕೊಂದಂತೆ, ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬುದು ಕುರ್‌ಆನ್‌ನ ಬೋಧನೆ. ಸತ್ತವರ ಹೆಸರಿನಲ್ಲಿ ಬದುಕಿರುವವರನ್ನು ಸಾವಿಗೆ ನೂಕುವುದಕ್ಕೆ ಈ ಬೋಧನೆಯಲ್ಲಿ ಎಡೆಯೆಲ್ಲಿದೆ?

ತಾಯಿಫ್‌ನ ಕೋಟೆಯ ಕೆಳಗೆ

ಹಿಂದಿರುಗುವುದೆಂದರೆ ಹೇಡಿತನವೆಂದು ಭಾವಿಸುವವರು ಪ್ರವಾದಿ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡಲಿ.

ಹಿಜರಿ 8ರಲ್ಲಿ ಹುನೈನ್ ಯುದ್ಧದ ನಂತರ ಪ್ರವಾದಿವರ್ಯರು(ಸ) ತಾಯಿಫ್ ನಗರಕ್ಕೆ ಮುತ್ತಿಗೆ ಹಾಕಿದರು. ಅದೇ ತಾಯಿಫ್! ಹತ್ತು ಹನ್ನೊಂದು ವರ್ಷಗಳ ಹಿಂದೆ ಅವರ ಮೇಲೆ ಕಲ್ಲೆಸೆದು, ಪಾದಗಳಿಂದ ರಕ್ತ ಹರಿಸಿ ಓಡಿಸಿದ್ದ ಊರು. ಮುತ್ತಿಗೆ ಹಲವು ದಿನ ನಡೆಯಿತು. ಕೋಟೆ ಬಲವಾಗಿತ್ತು. ಒಳಗಿನಿಂದ ಬಾಣಗಳ ಸುರಿಮಳೆಯಾಗುತ್ತಿತ್ತು. ಅನೇಕ ಸಹಾಬಿಗಳು ಗಾಯಗೊಂಡರು, ಕೆಲವರು ಹುತಾತ್ಮರಾದರು. ಪ್ರವಾದಿವರ್ಯರು(ಸ) ನೌಫಲ್ ಬಿನ್ ಮುಆವಿಯಾರೊಂದಿಗೆ ಸಮಾಲೋಚಿಸಿದರು. ಬಿಲದಲ್ಲಿ ಅವಿತ ನರಿಯ ಉದಾಹರಣೆ ಕೊಟ್ಟು ಅವರು ಸಲಹೆ ನೀಡಿದರು. ಕಾದು ನಿಂತರೆ ಅದು ಸಿಕ್ಕೀತು, ಬಿಟ್ಟುಹೋದರೂ ಅದರಿಂದ ನಿಮಗೆ ಹಾನಿಯೇನೂ ಇಲ್ಲ ಎಂಬುದು ಅದರ ತಾತ್ಪರ್ಯವಾಗಿತ್ತು.

ನಾಳೆ ಮರಳೋಣವೆಂದು ಪ್ರವಾದಿವರ್ಯರು(ಸ) ತಿಳಿಸಿದಾಗ ಸಹಾಬಿಗಳಿಗೆ ಅದು ರುಚಿಸಲಿಲ್ಲ. ಗೆಲ್ಲದೆ ಮರಳುವುದೇ ಎಂದು ಅವರು ಕೇಳಿದರು. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ಹೇಡಿಗಳೆಂದೋ ದ್ರೋಹಿಗಳೆಂದೋ ಯಾರನ್ನೂ ಕರೆಯಲಿಲ್ಲ. ಹಾಗಾದರೆ ನಾಳೆ ಹೋರಾಡಿ ಎಂದರು. ಮರುದಿನ ಹೋರಾಟ ನಡೆಯಿತು, ಇನ್ನಷ್ಟು ಮಂದಿ ಗಾಯಗೊಂಡರು. ಸಂಜೆ ಮತ್ತೆ, ಅಲ್ಲಾಹನಿಚ್ಛಿಸಿದರೆ ನಾಳೆ ಮರಳೋಣ ಎಂದರು. ಈ ಸಲ ಎಲ್ಲರಿಗೂ ಅದು ಹಿತವೆನಿಸಿತು. ಅದನ್ನು ಕಂಡು ಪ್ರವಾದಿವರ್ಯರು(ಸ) ಮುಗುಳ್ನಕ್ಕರೆಂದು ಬುಖಾರಿಯ ವರದಿಯಲ್ಲಿದೆ.

ಮರಳುವಾಗ ಕೆಲವರು ಆ ಊರಿನವರ ಮೇಲೆ ಶಾಪ ಹಾಕಬೇಕೆಂದು ವಿನಂತಿಸಿದರು. ಆದರೆ ಪ್ರವಾದಿವರ್ಯರು(ಸ) ಸಕೀಫ್ ಗೋತ್ರಕ್ಕೆ ಸನ್ಮಾರ್ಗ ಕರುಣಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಮರುವರ್ಷ ಏನಾಯಿತು ಗೊತ್ತೇ? ಯಾವ ಸೈನ್ಯವೂ ಹೋಗದೆ, ಯಾವ ಬಾಣವೂ ಹಾರದೆ, ತಾಯಿಫ್‌ನ ನಿಯೋಗ ತಾನಾಗಿಯೇ ಮದೀನಕ್ಕೆ ಬಂದು ಇಸ್ಲಾಮ್ ಸ್ವೀಕರಿಸಿತು. ಮುತ್ತಿಗೆಯಿಂದ ತೆರೆಯದ ಬಾಗಿಲನ್ನು ಮರಳುವಿಕೆ ತೆರೆಯಿತು.

ಅದೇ ವರ್ಷ ಇದಕ್ಕಿಂತ ಮೊದಲು ಮುಅ್‌ತಾ ಯುದ್ಧ ನಡೆದಿತ್ತು. ದೂರದ ಸಿರಿಯಾದ ಗಡಿಗೆ ಹೋದ 3,000 ಮಂದಿಯ ಸೈನ್ಯ ತನಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯವನ್ನು ಎದುರಿಸಿತು. ಝೈದ್ ಬಿನ್ ಹಾರಿಸಾ(ರ), ಜಅ್‌ಫರ್ ಬಿನ್ ಅಬೂತಾಲಿಬ್(ರ), ಅಬ್ದುಲ್ಲಾ ಬಿನ್ ರವಾಹಾ(ರ) ಎಂಬ ಮೂವರು ನಾಯಕರೂ ಒಬ್ಬರ ಹಿಂದೆ ಒಬ್ಬರಂತೆ ಹುತಾತ್ಮರಾದರು. ನಂತರ ನೇತೃತ್ವ ವಹಿಸಿದ ಖಾಲಿದ್ ಬಿನ್ ವಲೀದ್(ರ) ಜಾಣ್ಮೆಯಿಂದ ಸೈನ್ಯವನ್ನು ಉಳಿಸಿ ಹಿಂದೆ ತಂದರು. ಮದೀನದಲ್ಲಿ ಕೆಲವರು ಅವರ ಮೇಲೆ ಮಣ್ಣೆರಚಿ, ಓಡಿಬಂದವರೆಂದು ಹೀಯಾಳಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದು, ಇವರು ಓಡಿಬಂದವರಲ್ಲ, ಮತ್ತೆ ಮುನ್ನಡೆಯುವವರು ಎಂದು ಅವರ ಮಾನ ಕಾಪಾಡಿದರು. ಅಷ್ಟೇ ಅಲ್ಲ, ಜಅ್‌ಫರ್‌ರ(ರ) ಮನೆಗೆ ಹೋಗಿ ಅವರ ಎಳೆಯ ಮಕ್ಕಳನ್ನು ಅಪ್ಪಿ ಕಣ್ಣೀರಿಟ್ಟರು. ದುಃಖದಲ್ಲಿರುವ ಆ ಮನೆಯವರಿಗೆ ಅಡುಗೆ ಮಾಡಿ ಕಳುಹಿಸುವಂತೆ ಹೇಳಿದರು.

ಯುದ್ಧದಿಂದ ಮರಳಿದ ಸೈನಿಕನನ್ನು, ಮರಳದವನ ಮನೆಯವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಇದು ಮಾದರಿ. ಕಾಬೂಲಿನಿಂದ ಮರಳಿದ ಸೋವಿಯತ್ ಯುವಕರಲ್ಲಿ ಅನೇಕರಿಗೆ ಊರಿನ ಕಚೇರಿಗಳಲ್ಲಿ ಸಿಕ್ಕಿದ್ದು ಉದಾಸೀನದ ಉತ್ತರ ಮಾತ್ರ. ತಪ್ಪು ತೀರ್ಮಾನ ಮಾಡಿದವರು ಮೇಲಿನವರು. ಅದರ ನಾಚಿಕೆಯನ್ನು ಹೊತ್ತವರು ಇಪ್ಪತ್ತು ವರ್ಷದ ಹುಡುಗರು.

ಹೇಗೆ ಮರಳಬೇಕು?

ಮರಳಬೇಕು ಎಂಬುದು ನಿರ್ಧಾರವಾದ ಮೇಲೂ ಇನ್ನೊಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಬೇರೆಯವರ ಮನೆಗೆ ನುಗ್ಗಿ ಸಾಮಾನೆಲ್ಲ ಒಡೆದು, 'ಇನ್ನು ನಾನು ಹೊರಟೆ' ಎಂದು ಬಾಗಿಲು ಎಳೆದುಕೊಂಡು ಹೋದರೆ ಸಾಕೇ?

1988ರ ಏಪ್ರಿಲ್ 14ರಂದು ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಅಫ್ಘಾನಿಸ್ತಾನವೂ ಪಾಕಿಸ್ತಾನವೂ ಸಹಿ ಹಾಕಿದವು. ಅಮೆರಿಕವೂ ಸೋವಿಯತ್ ಒಕ್ಕೂಟವೂ ಜಾಮೀನು ನಿಂತವು. ನಿಜವಾಗಿ ಹೋರಾಡುತ್ತಿದ್ದ ಮುಜಾಹಿದ್ ಗುಂಪುಗಳು ಅದರಲ್ಲಿ ಭಾಗಿಗಳಾಗಿರಲಿಲ್ಲ. ಒಪ್ಪಂದದ ನಂತರವೂ ಎರಡೂ ಕಡೆಗೆ ಶಸ್ತ್ರಾಸ್ತ್ರ ಹರಿದುಬರುತ್ತಲೇ ಇತ್ತು. 1989ರ ಫೆಬ್ರವರಿ 15ರಂದು ಜನರಲ್ ಗ್ರೊಮೊವ್ ಆಮೂ ನದಿಯ ಸೇತುವೆಯನ್ನು ದಾಟಿ ಆಚೆ ಹೋದಾಗ ಸೋವಿಯತ್ ಸೈನ್ಯದ ವಾಪಸಾತಿ ಮುಗಿಯಿತು. ಸುಮಾರು 15,000 ಸೋವಿಯತ್ ಸೈನಿಕರು ಸತ್ತಿದ್ದರು. ಸತ್ತ ಅಫ್ಘಾನರ ಸಂಖ್ಯೆಯನ್ನು ಹತ್ತು ಲಕ್ಷದ ಆಸುಪಾಸಿನಲ್ಲಿ ಅಂದಾಜಿಸಲಾಗಿದೆ. 50 ಲಕ್ಷಕ್ಕೂ ಹೆಚ್ಚು ಮಂದಿ ಪಾಕಿಸ್ತಾನ ಮತ್ತು ಇರಾನ್‌ಗಳಲ್ಲಿ ನಿರಾಶ್ರಿತರಾಗಿದ್ದರು. ಹೊಲಗಳಲ್ಲಿ, ದಾರಿಗಳಲ್ಲಿ ಹೂತಿಟ್ಟ ನೆಲಬಾಂಬುಗಳು ಸೈನ್ಯ ಹೋದ ಎಷ್ಟೋ ವರ್ಷಗಳ ನಂತರವೂ ಕುರಿ ಮೇಯಿಸುವ ಮಕ್ಕಳ ಕಾಲುಗಳನ್ನು ಕಿತ್ತವು.

ಇಷ್ಟಾದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ಅನ್ಯಾಯಕ್ಕೆ ದೂಡಬಾರದೆಂದು ಕುರ್‌ಆನ್ ಆಜ್ಞಾಪಿಸಿದೆ. 1989ರ ಡಿಸೆಂಬರ್‌ನಲ್ಲಿ ಸೋವಿಯತ್ ಜನಪ್ರತಿನಿಧಿಗಳ ಮಹಾಸಭೆ, ಸೈನ್ಯ ಕಳುಹಿಸಿದ ತೀರ್ಮಾನ ನೈತಿಕವಾಗಿಯೂ ರಾಜಕೀಯವಾಗಿಯೂ ಖಂಡನೀಯವೆಂದು ನಿರ್ಣಯ ಅಂಗೀಕರಿಸಿತು. ಹತ್ತು ವರ್ಷ ತಡವಾಗಿ ಬಂದರೂ, 'ನಾವು ತಪ್ಪಿದೆವು' ಎಂಬ ಮಾತು ಅದು. ಅಷ್ಟು ಹೇಳಿದ ರಾಷ್ಟ್ರಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಅಮೆರಿಕದ ವಾಪಸಾತಿಯನ್ನು ನೋಡಿ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ತಾಲಿಬಾನ್‌ನೊಂದಿಗೆ ಒಪ್ಪಂದವಾಯಿತು. ಅಮೆರಿಕವೇ ಬೆಂಬಲಿಸಿ ನಿಲ್ಲಿಸಿದ್ದ ಕಾಬೂಲ್ ಸರಕಾರ ಅದರಲ್ಲಿ ಭಾಗಿಯಾಗಿರಲಿಲ್ಲ. 2021ರ ಏಪ್ರಿಲ್ 14ರಂದು ಅಧ್ಯಕ್ಷ ಬೈಡನ್ ವಾಪಸಾತಿಯನ್ನು ಘೋಷಿಸಿದರು. ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. ವಿಮಾನ ನಿಲ್ದಾಣದ ಗೋಡೆಯ ಬಳಿ ಜನ ಮುಗಿಬಿದ್ದ ದೃಶ್ಯಗಳನ್ನು ನೀವೂ ಕಂಡಿರಬಹುದು. ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ವಿಮಾನಗಳಲ್ಲಿ ಸಾಗಿಸಲಾಯಿತು ನಿಜ. ಆದರೆ ಭಾಷಾಂತರಕಾರರಾಗಿ, ಚಾಲಕರಾಗಿ ವರ್ಷಗಟ್ಟಲೆ ದುಡಿದ ಎಷ್ಟೋ ಮಂದಿ ಕಾಗದಪತ್ರ ಹಿಡಿದುಕೊಂಡು ಗೋಡೆಯ ಆಚೆಗೇ ಉಳಿದರು. ಆಗಸ್ಟ್ 26ರ ಬಾಂಬ್ ದಾಳಿಯಲ್ಲಿ 13 ಅಮೆರಿಕನ್ ಸೈನಿಕರೂ ಸುಮಾರು 170 ಅಫ್ಘಾನರೂ ಸತ್ತರು. ಮೂರು ದಿನಗಳ ನಂತರ, ಉಗ್ರನೆಂದು ಭಾವಿಸಿ ನಡೆಸಿದ ಡ್ರೋನ್ ದಾಳಿಯಲ್ಲಿ ಒಂದು ಮನೆಯಂಗಳದಲ್ಲಿ 10 ಮಂದಿ ಅಮಾಯಕರು ಸತ್ತರು. ಅವರಲ್ಲಿ 7 ಮಂದಿ ಮಕ್ಕಳು. ಅದು ತಪ್ಪಾಗಿತ್ತೆಂದು ಅಮೆರಿಕದ ಸೇನೆ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡಿತು. ಆಗಸ್ಟ್ 30ರಂದು ಕೊನೆಯ ಸೈನಿಕ ಹೊರಟ. ಅಮೆರಿಕದ 2,400ಕ್ಕೂ ಹೆಚ್ಚು ಸೈನಿಕರು ಆ ನೆಲದಲ್ಲಿ ಸತ್ತಿದ್ದರು. ಅಫ್ಘಾನರಲ್ಲಿ ಸೈನಿಕರು, ಪೊಲೀಸರು, ನಾಗರಿಕರು ಸೇರಿ ಒಂದು ಲಕ್ಷಕ್ಕೂ ಹೆಚ್ಚು.

ಯುದ್ಧದಿಂದ ಹೊರಬರಬೇಕೆಂಬ ತೀರ್ಮಾನ ಸರಿಯಾಗಿದ್ದರೂ ಹೊರಬರುವ ರೀತಿ ತಪ್ಪಾದರೆ ಅದರ ಬೆಲೆಯನ್ನು ತೆರುವವರು ಬಡವರೇ. ಕರಾರಿನ ಬಗ್ಗೆ ಖಂಡಿತ ವಿಚಾರಣೆಯಿದೆ ಎಂದು ಕುರ್‌ಆನ್ ಎಚ್ಚರಿಸಿದೆ. 'ನಮ್ಮನ್ನು ನಂಬಿ' ಎಂದು ಒಬ್ಬ ಬಡ ಯುವಕನಿಗೆ ಹೇಳಿದ ಮಾತೂ ಕರಾರೇ. ಅದಕ್ಕೆ ಮೊಹರು ಇಲ್ಲದಿರಬಹುದು, ಆದರೆ ಸಾಕ್ಷಿಯಾಗಿ ಅಲ್ಲಾಹನಿದ್ದಾನೆ.

ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಅವರ ಉದಾಹರಣೆ ಈ ವಿಷಯದಲ್ಲಿ ನಮ್ಮ ಕಣ್ತೆರೆಸುವಂತಿದೆ. ಕ್ರಿ.ಶ. 717ರಲ್ಲಿ ಅವರು ಅಧಿಕಾರಕ್ಕೆ ಬಂದಾಗ ಮುಸ್ಲಿಮ್ ಸೈನ್ಯ ದೂರದ ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ ಹಾಕಿ ಕುಳಿತಿತ್ತು. ಭೀಕರ ಚಳಿ, ಹಸಿವು. ಸೈನಿಕರು ತಮ್ಮ ಸವಾರಿಯ ಪ್ರಾಣಿಗಳನ್ನೂ ಬೇರು ಎಲೆಗಳನ್ನೂ ತಿನ್ನುವ ಸ್ಥಿತಿಗೆ ಬಂದಿದ್ದರು. ಆ ದಂಡಯಾತ್ರೆ ಹಿಂದಿನ ಖಲೀಫ ಸುಲೈಮಾನ್‌ರ ಪ್ರತಿಷ್ಠೆಯ ವಿಷಯವಾಗಿತ್ತು. ಉಮರ್(ರ) ಅದನ್ನು ತನ್ನ ಪ್ರತಿಷ್ಠೆಯನ್ನಾಗಿ ಮಾಡಿಕೊಳ್ಳಲಿಲ್ಲ. ಸೈನ್ಯ ಮರಳಬೇಕೆಂದು ಆಜ್ಞಾಪಿಸಿದರು. ಬರಿಯ ಆಜ್ಞೆ ಕಳುಹಿಸಿ ಸುಮ್ಮನಾಗಲಿಲ್ಲ. ಅದರೊಂದಿಗೆ ಕುದುರೆಗಳನ್ನೂ ಆಹಾರವನ್ನೂ ಕಳುಹಿಸಿಕೊಟ್ಟರು.

ಅವರದೇ ಆಡಳಿತದ ಇನ್ನೊಂದು ಘಟನೆ ಇದಕ್ಕಿಂತಲೂ ಅಚ್ಚರಿಯದು. ಸಮರ್‌ಕಂದ್‌ನ ಜನರು, ಸೇನಾಪತಿ ಕುತೈಬಾ ತಮಗೆ ವಂಚನೆ ಮಾಡಿ ನಗರವನ್ನು ವಶಪಡಿಸಿಕೊಂಡರೆಂದು ಖಲೀಫರಿಗೆ ದೂರು ಕೊಟ್ಟರು. ದೂರು ಕೊಟ್ಟವರು ಸೋತವರು, ದೂರು ಇದ್ದದ್ದು ಗೆದ್ದ ಸೈನ್ಯದ ಮೇಲೆ. ಉಮರ್(ರ) ಪ್ರಕರಣವನ್ನು ಕಾಝಿಗೆ ಒಪ್ಪಿಸಿದರು. ಅರಬ್ ಸೈನ್ಯ ನಗರದಿಂದ ಹೊರಟು ತನ್ನ ಶಿಬಿರಕ್ಕೆ ಹೋಗಬೇಕು, ನಂತರ ಸಮಾನ ನೆಲೆಯಲ್ಲಿ ಹೊಸದಾಗಿ ಸಂಧಿಯೋ ಯುದ್ಧವೋ ನಿರ್ಧಾರವಾಗಲಿ ಎಂದು ಕಾಝಿ ತೀರ್ಪಿತ್ತರು. ಆ ತೀರ್ಪನ್ನು ಕಂಡ ಸಮರ್‌ಕಂದ್‌ನ ಜನರು ಹೊಸ ಯುದ್ಧ ಬೇಡವೆಂದು ಇದ್ದ ಸ್ಥಿತಿಯನ್ನೇ ಒಪ್ಪಿಕೊಂಡರೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಇಂದು ಯಾವ ಬಲಿಷ್ಠ ರಾಷ್ಟ್ರ, ತನ್ನಿಂದ ಸೋತವನ ದೂರನ್ನು ಹೀಗೆ ನ್ಯಾಯಾಲಯಕ್ಕೆ ಒಪ್ಪಿಸೀತು?

ಗೆದ್ದವರು ಏನು ಮಾಡಿದರು?

ಇಲ್ಲಿಯವರೆಗೆ ಪರರ ತಪ್ಪನ್ನು ಹೇಳುವುದು ಸುಲಭವಾಗಿತ್ತು. ಇನ್ನು ನಮ್ಮ ಕಡೆಗೆ ತಿರುಗೋಣ.

ಸೋವಿಯತ್ ಸೈನ್ಯ ಹೊರಟುಹೋಯಿತು. 1992ರ ಏಪ್ರಿಲ್‌ನಲ್ಲಿ ನಜೀಬುಲ್ಲಾ ಸರಕಾರ ಉರುಳಿತು. ಮುಜಾಹಿದ್ ಗುಂಪುಗಳು ಕಾಬೂಲನ್ನು ಪ್ರವೇಶಿಸಿದವು. ಜಗತ್ತಿನ ಮುಸ್ಲಿಮರು ಅವರಿಗಾಗಿ ದುಆ ಮಾಡಿದ್ದರು. ಹೆಣ್ಣುಮಕ್ಕಳು ಕಿವಿಯೋಲೆ ಬಿಚ್ಚಿಕೊಟ್ಟಿದ್ದರು. ಆದರೆ ಅವರು ಪರಸ್ಪರರ ಮೇಲೆಯೇ ರಾಕೆಟ್ ಹಾರಿಸಿದರು. 1993ರ ಮಾರ್ಚ್‌ನಲ್ಲಿ ಇಸ್ಲಾಮಾಬಾದ್‌ನಲ್ಲಿ ಒಪ್ಪಂದ ಮಾಡಿ, ಪವಿತ್ರ ಮಕ್ಕಾಕ್ಕೂ ಹೋಗಿ ಅದನ್ನು ದೃಢೀಕರಿಸಿದರು. ಊರಿಗೆ ಮರಳಿ ಅದನ್ನೂ ಮುರಿದರು. ಹತ್ತು ವರ್ಷಗಳ ಸೋವಿಯತ್ ಯುದ್ಧದಲ್ಲಿ ಬಹುಮಟ್ಟಿಗೆ ಉಳಿದಿದ್ದ ಕಾಬೂಲ್ ನಗರ ಈ ಅಣ್ಣತಮ್ಮಂದಿರ ಜಗಳದಲ್ಲಿ ಬೂದಿಯಾಯಿತು. ಕಅಬಾದ ಸನ್ನಿಧಿಯಿಂದ ಬಂದ ಕರಾರಿಗೂ ಬೆಲೆಯಿಲ್ಲವಾದರೆ ಇನ್ನು ಯಾವುದಕ್ಕೆ ಬೆಲೆ?

ಪರದೇಶದ ಯುದ್ಧಕ್ಕೆ ನುಗ್ಗುವ ರೋಗ ಪರರಿಗೆ ಮಾತ್ರ ಸೀಮಿತವೆಂದೂ ಭಾವಿಸಬೇಡಿ. 1962ರಲ್ಲಿ ಯಮನ್‌ನಲ್ಲಿ ಕ್ರಾಂತಿಯಾದಾಗ ಈಜಿಪ್ಟಿನ ಜಮಾಲ್ ಅಬ್ದುನ್ನಾಸಿರ್ ಸೈನ್ಯ ಕಳುಹಿಸಿದರು. ಅದು ಬೆಳೆಯುತ್ತಾ ಸುಮಾರು 70,000ಕ್ಕೆ ಏರಿತು. ಎದುರು ಪಕ್ಷಕ್ಕೆ ಸೌದಿ ಅರೇಬಿಯ ಬೆಂಬಲ ಕೊಟ್ಟಿತು. ಎರಡೂ ಕಡೆಯವರು ಒಂದೇ ಕಿಬ್ಲಾದ ಕಡೆಗೆ ಮುಖಮಾಡುವವರು. 1965ರಲ್ಲಿ ಜಿದ್ದಾದಲ್ಲಿ ಆದ ಒಪ್ಪಂದ ಫಲ ಕೊಡಲಿಲ್ಲ. 1967ರ ಜೂನ್‌ನಲ್ಲಿ ಇಸ್ರೇಲ್‌ನೊಂದಿಗೆ ಯುದ್ಧವಾದಾಗ ಈಜಿಪ್ಟಿನ ಸಾವಿರಾರು ಸೈನಿಕರು ಯಮನಿನ ಬೆಟ್ಟಗಳಲ್ಲಿ ಸಿಲುಕಿದ್ದರು. ಆ ಸೋಲಿನ ಪೆಟ್ಟು ಬಿದ್ದ ನಂತರವೇ ಖಾರ್ತೂಮ್‌ನಲ್ಲಿ ರಾಜಿಯಾಗಿ, ಅದೇ ವರ್ಷದ ಕೊನೆಗೆ ಸೈನ್ಯ ಮರಳಿತು. ವಿವೇಕದಿಂದ ಆಗಬೇಕಾಗಿದ್ದದ್ದು ವಿಪತ್ತಿನಿಂದ ಆಯಿತು.

ನಮ್ಮ ಮನೆಯ ರಣರಂಗ

ಇಷ್ಟನ್ನೆಲ್ಲ ಓದಿ, 'ನಾವು ಯಾವ ದೇಶದ ಮೇಲೂ ದಂಡೆತ್ತಿ ಹೋಗಿಲ್ಲವಲ್ಲ' ಎಂದು ನೀವು ನೆಮ್ಮದಿಯಿಂದ ಪುಟ ಮಗುಚಬಹುದು. ಅದಕ್ಕೆ ಮೊದಲು ಒಂದು ನಿಮಿಷ.

ಹತ್ತು ಸೆಂಟ್ಸ್ ಜಾಗಕ್ಕಾಗಿ ಒಡಹುಟ್ಟಿದವರು ಹದಿನೈದು ವರ್ಷ ಕೋರ್ಟು ಹತ್ತಿದ ಮನೆಗಳು ನಿಮ್ಮ ಮೊಹಲ್ಲಾದಲ್ಲಿ ಇಲ್ಲವೇ? ವಕೀಲರಿಗೆ ಸುರಿದ ಹಣ ಆ ಜಾಗದ ಬೆಲೆಯನ್ನು ಎಂದೋ ಮೀರಿದೆ. ತಾಯಿ ತೀರಿಕೊಂಡ ದಿನವೂ ಒಬ್ಬ ಮುಂಬಾಗಿಲಿನಿಂದ ಬಂದರೆ ಇನ್ನೊಬ್ಬ ಹಿಂಬಾಗಿಲಿನಿಂದ ಹೋಗುತ್ತಾನೆ. ಕೇಳಿ ನೋಡಿ, ಇಬ್ಬರಿಗೂ ಸಾಕಾಗಿದೆ. ಆದರೂ ಬಿಡುವುದಿಲ್ಲ. ಏಕೆ? 'ಇಷ್ಟು ಖರ್ಚು ಮಾಡಿದ ಮೇಲೆ ಬಿಡುವುದು ಹೇಗೆ? ಊರವರು ಏನೆನ್ನುತ್ತಾರೆ?' ಮಾಸ್ಕೋದ ಆ ಕೋಣೆಯಲ್ಲಿ ನುಡಿದ ಮಾತೂ ಇದೇ ಆಗಿತ್ತು.

ಸಹೋದರರೇ, ಸಹೋದರಿಯರೇ! ತೌಬಾ ಎಂಬ ಪದದ ಅರ್ಥವೇ ಮರಳುವುದು. ಮರಳುವವರನ್ನು ಪ್ರೀತಿಸುತ್ತೇನೆಂದು ಅಲ್ಲಾಹನು ಹೇಳಿರುವಾಗ ಮರಳುವುದನ್ನು ಅವಮಾನವೆನ್ನಲು ನಾವಾರು? ಆದರೆ ವಿದ್ವಾಂಸರು ತೌಬಾಕ್ಕೆ ಹೇಳಿರುವ ಷರತ್ತುಗಳನ್ನು ಮರೆಯಬೇಡಿ. ತಪ್ಪನ್ನು ಕೂಡಲೇ ನಿಲ್ಲಿಸಬೇಕು. ಮನಃಪೂರ್ವಕ ನೊಂದುಕೊಳ್ಳಬೇಕು. ಮತ್ತೆ ಆ ಕಡೆ ಹೋಗೆನೆಂದು ಸಂಕಲ್ಪಿಸಬೇಕು. ಮನುಷ್ಯರ ಹಕ್ಕನ್ನು ಕಸಿದಿದ್ದರೆ ಅದನ್ನು ಮರಳಿಸಬೇಕು. ಮೊದಲ ಮೂರನ್ನು ಮಾಡಿ ನಾಲ್ಕನೆಯದನ್ನು ಬಿಟ್ಟವನು ಅರ್ಧ ದಾರಿಯಲ್ಲೇ ನಿಂತಿದ್ದಾನೆ. ರಾಷ್ಟ್ರಗಳಿಗೂ ಇದೇ ನಿಯಮ, ಮನೆಗಳಿಗೂ ಇದೇ ನಿಯಮ. ತಮ್ಮನ ಜಾಗ ನಿಮ್ಮ ಬೇಲಿಯೊಳಗೆ ಸೇರಿದ್ದರೆ ಬೇಲಿಯನ್ನು ಹಿಂದಕ್ಕೆ ಸರಿಸಿ. ಅವನ ಬಗ್ಗೆ ಊರಿನಲ್ಲಿ ಸುಳ್ಳಾಡಿದ್ದರೆ ಅದೇ ಊರಿನಲ್ಲಿ ಅದನ್ನು ಹಿಂದೆಗೆದುಕೊಳ್ಳಿ. ಸೊಸೆಯನ್ನು ತವರಿಗೆ ಅಟ್ಟಿದ್ದರೆ ಗೌರವದಿಂದ ಕರೆತನ್ನಿ. ಮಹರ್ ಬಾಕಿಯಿದ್ದರೆ ಪಾವತಿ ಮಾಡಿ.

ಮೊದಲು ಸಲಾಮ್ ಹೇಳುವವನೇ ಉತ್ತಮನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಆ ಸಹೋದರನ ಚಪ್ಪಲಿಯ ಬಳಿ ಹೋಗಿ ನಿಂತುಕೊಳ್ಳಿ. ಅವನು ಹೊರಬಂದಾಗ ಸಲಾಮ್ ಹೇಳಿ. ಅವನು ಉತ್ತರಿಸದಿದ್ದರೂ ನೀವು ನಿಮ್ಮ ಸೇತುವೆಯನ್ನು ದಾಟಿಯಾಯಿತು.

ಓ ನಮ್ಮ ಪ್ರಭೂ! ತಪ್ಪು ದಾರಿಯಲ್ಲಿ ನಡೆದಾಗ ನಮಗೆ ಬೇಗ ಎಚ್ಚರಿಕೆ ಕೊಡು. ಮರಳುವ ಧೈರ್ಯ ಕೊಡು. ನಾವು ಒಡೆದದ್ದನ್ನು ಕಟ್ಟಿಕೊಡುವ ಮನಸ್ಸು ಕೊಡು. ಯುದ್ಧಗಳಲ್ಲಿ ಅನಾಥರಾದ ಮಕ್ಕಳಿಗೆ, ಮಗನ ಮುಖ ಕಾಣದ ತಾಯಂದಿರಿಗೆ, ಅವರು ಯಾವ ದೇಶದವರೇ ಆಗಿರಲಿ, ನಿನ್ನ ಕಡೆಯಿಂದ ಸಾಂತ್ವನ ನೀಡು. ಆಮೀನ್.